ರಾಕ್ಷಸ ಸೋತಾಗ ಅಜ್ಜಿ ಯಾಕೆ ಅತ್ತಳು?



ಜುಮೇರಾ ಲೇಕ್ ಟವರ್ಸ್‌ನಲ್ಲಿ ಮನೆ ಮಾಡಿರುವವರಿಗೆ ಗೊತ್ತೇ ಇದೆ, ಇಲ್ಲಿ ಸಂಜೆ ಬಾಲ್ಕನಿಯಲ್ಲಿ ನಿಂತರೆ ಆಕಾಶಕ್ಕಿಂತ ಕಿಟಕಿಗಳೇ ಜಾಸ್ತಿ ಕಾಣುತ್ತವೆ. ಕೆಳಗೆ ಮನುಷ್ಯರೇ ತೋಡಿ ನೀರು ತುಂಬಿಸಿದ ಕೆರೆ. ಸುತ್ತಲೂ ಇಂಗ್ಲಿಷ್ ಅಕ್ಷರಮಾಲೆಯ ಹೆಸರು ಹೊತ್ತು ಸಾಲಾಗಿ ನಿಂತ ಕ್ಲಸ್ಟರುಗಳು. ಎಲ್ಲಕ್ಕಿಂತ ಎತ್ತರಕ್ಕೆ ಅಲ್ಮಾಸ್ ಟವರ್, 68 ಮಹಡಿ, 360 ಮೀಟರ್. ಅರಬ್ಬಿಯಲ್ಲಿ ಅಲ್ಮಾಸ್ ಎಂದರೆ ವಜ್ರ.

ಕಳೆದ ಚಳಿಗಾಲದಲ್ಲಿ ಕುಮಟಾದಿಂದ ನಮ್ಮ ಅಮ್ಮ ಎರಡು ತಿಂಗಳ ಮಟ್ಟಿಗೆ ಬಂದಿದ್ದಳು. ಒಂದು ಸಂಜೆ ಅಜ್ಜಿ, ಮೊಮ್ಮಗಳು ಇಬ್ಬರೂ ಬಾಲ್ಕನಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಒಂಬತ್ತು ವರ್ಷದ ಮಗಳು ಇದ್ದಕ್ಕಿದ್ದ ಹಾಗೆ ಕೇಳಿದಳು: "ಅಪ್ಪಾ, ಕಿಂಗ್ ಕಾಂಗ್ ಜೆ.ಎಲ್.ಟಿ.ಗೆ ಬಂದ್ರೆ ಯಾವ ಬಿಲ್ಡಿಂಗ್ ಹತ್ತತ್ತೆ?"

"ಅಲ್ಮಾಸ್" ಅಂದೆ ನಾನು. "ಅವನಿಗೆ ಅಷ್ಟು ಎತ್ತರದ್ದೇ ಅಭ್ಯಾಸ. ಅವನು ಹತ್ತಿದ್ದ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಬಿಲ್ಡಿಂಗ್ 381 ಮೀಟರ್, ಇದಕ್ಕಿಂತ ಸ್ವಲ್ಪವೇ ಹೆಚ್ಚು."

"ಯಾರದು, ಬಿಲ್ಡಿಂಗ್ ಹತ್ತುವವ?" ಎಂದು ಅಮ್ಮ ಕೇಳಿದಳು. ಹೀಗೆ ಶುರುವಾಯಿತು ನೋಡಿ, ನಮ್ಮ ಮನೆಯ ರಾಕ್ಷಸ ಚಿತ್ರೋತ್ಸವ!

ಒಂದೂವರೆ ಅಡಿಯ ದೈತ್ಯ

ಮಗಳು ನೋಡಿದ್ದು ಹೊಸ ಕಾಂಗ್‌ಗಳನ್ನು, ಕಂಪ್ಯೂಟರಿನಲ್ಲಿ ಹುಟ್ಟಿದವನ್ನು. "ಹಳೇದು ನೋಡೋಣ" ಎಂದು ಆ ಶನಿವಾರ 1933ರ ಕಪ್ಪು-ಬಿಳುಪು ಚಿತ್ರವನ್ನೇ ಹಾಕಿದೆ. ಮೊದಲ ಅರ್ಧ ಗಂಟೆ ಮಕ್ಕಳಿಗೆ (ಪಕ್ಕದ ಮನೆಯ ಇಬ್ಬರು ಹುಡುಗರೂ ಸೇರಿದ್ದರು) ಒಂದೇ ಆಕಳಿಕೆ. ಕಾಂಗ್ ಕಾಣಿಸಿಕೊಂಡ ಕೂಡಲೇ ಒಂದೇ ನಗು. "ಅಯ್ಯೋ ಅಂಕಲ್, ಇದು ಗೊಂಬೆ!"

ಗೊಂಬೆಯೇ, ಸುಳ್ಳಲ್ಲ. ಮೇರಿಯನ್ ಕೂಪರ್ ಮತ್ತು ಅರ್ನೆಸ್ಟ್ ಶೂಡ್‌ಸ್ಯಾಕ್ ನಿರ್ದೇಶಿಸಿದ ಆ ಚಿತ್ರದ ಬಹುಪಾಲು ದೃಶ್ಯಗಳಲ್ಲಿ ನಮ್ಮ ದೈತ್ಯನ ನಿಜವಾದ ಎತ್ತರ ಸುಮಾರು ಒಂದೂವರೆ ಅಡಿ. ಒಳಗೆ ಲೋಹದ ಅಸ್ಥಿಪಂಜರ, ಅದರ ಮೇಲೆ ರಬ್ಬರು, ಹತ್ತಿ, ಹೊರಗೆ ಮೊಲದ ತುಪ್ಪಳ. ವಿಲ್ಲಿಸ್ ಓಬ್ರಿಯನ್ ಎಂಬ ತಂತ್ರಜ್ಞ ಮತ್ತವನ ತಂಡದವರು ಗೊಂಬೆಯ ಕೈಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಫೋಟೋ ತೆಗೆಯುವುದು, ಮತ್ತೆ ಸರಿಸುವುದು, ಮತ್ತೊಂದು ಫೋಟೋ. ಪರದೆಯ ಮೇಲೆ ಒಂದು ಸೆಕೆಂಡ್ ಓಡಲು 24 ಚಿತ್ರ ಬೇಕು. ಲೆಕ್ಕ ಹಾಕಿ, ಒಂದು ನಿಮಿಷದ ಕಾದಾಟಕ್ಕೆ ಎಷ್ಟು ಸಲ ಆ ಗೊಂಬೆಯನ್ನು ಮುಟ್ಟಬೇಕು!

ಇಲ್ಲೊಂದು ಸ್ವಾರಸ್ಯವಿದೆ. ಪ್ರತಿ ಸಲ ಮುಟ್ಟುವಾಗಲೂ ಬೆರಳು ತಾಗಿ ತುಪ್ಪಳ ಅತ್ತಿತ್ತ ಆಗುತ್ತಿತ್ತು. ಹಾಗಾಗಿ ಪರದೆಯ ಮೇಲೆ ಕಾಂಗ್‌ನ ಮೈಗೂದಲು ಸದಾ ನಡುಗಿದಂತೆ ಕಾಣುತ್ತದೆ. ತಂತ್ರದ ಲೆಕ್ಕದಲ್ಲಿ ಇದೊಂದು ತಪ್ಪು. ಆದರೆ ನೋಡುವವರ ಕಣ್ಣಿಗೆ ಪ್ರಾಣಿಯ ರೋಮ ಸಿಟ್ಟಿನಿಂದ ನಿಮಿರಿದ ಹಾಗೆ ಕಂಡಿತು! ತೊಂಬತ್ತು ವರ್ಷ ಕಳೆದರೂ ಆ ಬೆರಳುಗಳ ಗುರುತು ಅಲ್ಲೇ ಇದೆ. ಇವತ್ತಿನ ಕಂಪ್ಯೂಟರ್ ಕಾಂಗ್‌ನ ಮೈಮೇಲೆ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟ, ಆದರೆ ಯಾರದೋ ಕೈ ಅದನ್ನು ಮುಟ್ಟಿತ್ತು ಅನ್ನಿಸುವುದಿಲ್ಲ. ಅವನ ಗರ್ಜನೆಯೂ ಹಾಗೇ ಮನುಷ್ಯರ ಕೈಚಳಕ: ಹುಲಿ ಸಿಂಹಗಳ ಕೂಗನ್ನು ಹಿಂದುಮುಂದಾಗಿ, ನಿಧಾನವಾಗಿ ಓಡಿಸಿ ಮಾಡಿದ್ದು.

ಚಿತ್ರ ನ್ಯೂಯಾರ್ಕಿನಲ್ಲಿ ತೆರೆ ಕಂಡಿದ್ದು 1933ರ ಮಾರ್ಚ್ 2ರಂದು. ಅಮೆರಿಕದಲ್ಲಿ ಬ್ಯಾಂಕುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ, ಜನರಿಗೆ ಕೆಲಸವಿಲ್ಲದ ದಿನಗಳು. ಅಂಥ ಹೊತ್ತಿನಲ್ಲೂ ಜನ ಮುಗಿಬಿದ್ದು ನೋಡಿದರು. 1938ರಲ್ಲಿ, 1942ರಲ್ಲಿ, 1952ರಲ್ಲಿ ಮತ್ತೆ ಮತ್ತೆ ಬಿಡುಗಡೆಯಾಗಿ ಪ್ರತಿ ಸಲವೂ ಹೊಸ ತಲೆಮಾರು ನೋಡಿತು. 13 ವರ್ಷದ ಹುಡುಗನಾಗಿ ಅದನ್ನು ನೋಡಿದ ರೇ ಹ್ಯಾರಿಹೌಸೆನ್ ಮುಂದೆ ಜೀವಮಾನವಿಡೀ ಅದೇ ಗೊಂಬೆ ಕೆಲಸ ಮಾಡಿದರು. ನ್ಯೂಜಿಲೆಂಡಿನಲ್ಲಿ ಟಿ.ವಿ.ಯಲ್ಲಿ ಅದನ್ನು ನೋಡಿದ ಬಾಲಕ ಪೀಟರ್ ಜಾಕ್ಸನ್ 2005ರಲ್ಲಿ ತನ್ನದೇ ಕಿಂಗ್ ಕಾಂಗ್ ತೆಗೆದರು.

ಹಳೆಯದೆಲ್ಲ ಹೊನ್ನಲ್ಲ, ಅದನ್ನೂ ಹೇಳಬೇಕು. ಆ ದ್ವೀಪದ ಜನರನ್ನು ಚಿತ್ರದಲ್ಲಿ ತೋರಿಸಿದ ರೀತಿ ಇವತ್ತು ನೋಡಿದರೆ ಮುಜುಗರವಾಗುತ್ತದೆ. ಕಪ್ಪು ಜನ ಎಂದರೆ ಕುಣಿಯುವ, ಬಲಿ ಕೊಡುವ ಕಾಡುಮನುಷ್ಯರು ಎಂಬ ಆ ಕಾಲದ ಬಿಳಿಯರ ನೋಟ ಅದು. ನಾಯಕಿಗೆ ಕಿರುಚುವುದು ಬಿಟ್ಟರೆ ಹೆಚ್ಚು ಕೆಲಸವಿಲ್ಲ. ಮಕ್ಕಳ ಜೊತೆ ನೋಡುವಾಗ ಇದನ್ನು ಬಿಡಿಸಿ ಹೇಳಿ, ಅವರಿಗೆ ಅರ್ಥವಾಗುತ್ತದೆ.

ಆದರೂ ಚಿತ್ರ ಯಾಕೆ ಉಳಿಯಿತು? ಉತ್ತರ ನಮ್ಮ ಸೋಫಾದ ಮೇಲೇ ಸಿಕ್ಕಿತು. ಕಾಂಗ್‌ನನ್ನು ಸಂಕೋಲೆ ತೊಡಿಸಿ ನ್ಯೂಯಾರ್ಕಿನ ರಂಗಮಂದಿರದಲ್ಲಿ ಟಿಕೆಟ್ ಇಟ್ಟು ತೋರಿಸುವ ಹೊತ್ತಿಗೆ ಮಕ್ಕಳ ನಗು ನಿಂತಿತ್ತು. ಕಟ್ಟಡದ ತುದಿಯಲ್ಲಿ ವಿಮಾನಗಳ ಗುಂಡು ತಾಗಿ, ಅವನು ತನ್ನ ಎದೆಯ ರಕ್ತವನ್ನು ತಾನೇ ಮುಟ್ಟಿ ನೋಡಿಕೊಳ್ಳುವಾಗ ಮನೆಯಲ್ಲಿ ಪಿಟ್ಟೆಂದು ಸದ್ದಿಲ್ಲ. ಗೊಂಬೆ ಎಂದು ನಗುತ್ತಿದ್ದ ಹುಡುಗ ಕುಶನ್ನಿನಲ್ಲಿ ಮುಖ ಮುಚ್ಚಿಕೊಂಡಿದ್ದ.

ಅಮ್ಮ ಮಾತ್ರ ಸಿಟ್ಟಾಗಿದ್ದಳು. "ಅದರ ಪಾಡಿಗೆ ಅದು ಅದರ ಊರಲ್ಲಿ ಇತ್ತು. ಎಂತಕ್ಕೆ ಹಿಡ್ಕಂಡು ಬಂದ್ರು ಇವ್ರು?" ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಅಂದಳು: "ನಮ್ಮ ರಾವಣನ ಹಾಗೇ ಆಯ್ತು ಇವಂದೂ."

ನಮ್ಮ ಮೊದಲ ಮಾತೇ ರಾಕ್ಷಸರ ಮನೆಯದು

ಅಮ್ಮನ ಮಾತು ನನ್ನ ತಲೆಯಲ್ಲಿ ಹುಳ ಬಿಟ್ಟಿತು. ರಾತ್ರಿ ಕೂತು ತಾರೀಖುಗಳನ್ನು ಹೊಂದಿಸಿ ನೋಡಿದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ಬೆಂಗಳೂರಿನಲ್ಲಿ ತೆರೆ ಕಂಡಿದ್ದು 1934ರ ಮಾರ್ಚ್ 3ರಂದು. ಅಂದರೆ ಕಿಂಗ್ ಕಾಂಗ್ ಬಂದು ಸರಿಯಾಗಿ ಒಂದು ವರ್ಷ ಒಂದು ದಿನಕ್ಕೆ! ಆ ಚಿತ್ರದ ಕಥೆ ಯಾರದು? ಅಯೋಧ್ಯೆಯವರದಲ್ಲ, ಲಂಕೆಯವರದು. ಸುಲೋಚನೆ ಎಂದರೆ ರಾವಣನ ಸೊಸೆ, ಇಂದ್ರಜಿತುವಿನ ಹೆಂಡತಿ. ಗಂಡ ಲಕ್ಷ್ಮಣನ ಕೈಯಲ್ಲಿ ಸತ್ತ ಮೇಲೆ ಅವನ ಹಿಂದೆಯೇ ಹೋದವಳು. ವೈ.ವಿ. ರಾವ್ ನಿರ್ದೇಶನ, ಬೆಳ್ಳಾವೆ ನರಹರಿ ಶಾಸ್ತ್ರಿಗಳ ಮಾತು, ಹಾಡು. ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್, ಸುಲೋಚನೆಯಾಗಿ ತ್ರಿಪುರಾಂಬ. ಕನ್ನಡ ಬೆಳ್ಳಿತೆರೆ ಬಾಯಿಬಿಟ್ಟ ಮೊದಲ ದಿನವೇ ನಮ್ಮ ಜನ ಅತ್ತಿದ್ದು ರಾಕ್ಷಸರ ಮನೆಯ ಸಾವಿಗೆ!

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ಕಡೆಯ ಯಕ್ಷಗಾನ ನೋಡಿ ಬೆಳೆದವರಿಗೆ ಗೊತ್ತು. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ತುಂಬ ಚಿಟ್ಟಿ ಇಡುತ್ತ ಗಂಟೆಗಟ್ಟಲೆ ಕೂರಬೇಕಾದದ್ದು ದೇವರ ವೇಷಕ್ಕಲ್ಲ, ರಾಕ್ಷಸನ ಬಣ್ಣದ ವೇಷಕ್ಕೆ. ನಡುರಾತ್ರಿ ಚಾಪೆಯ ಮೇಲೆ ನಿದ್ದೆ ಹೋದ ಮಕ್ಕಳನ್ನು ದೊಡ್ಡವರು ತಟ್ಟಿ ಎಬ್ಬಿಸುತ್ತಿದ್ದುದು ಆ ವೇಷ ಅಬ್ಬರಿಸಿಕೊಂಡು ರಂಗಕ್ಕೆ ಬರುವಾಗ. ಹೆದರಿಕೆಯೂ ಬೇಕು, ನೋಡದೆ ಇರಲೂ ಆಗುವುದಿಲ್ಲ. ಇನ್ನೂ ಹಿಂದಕ್ಕೆ ಹೋದರೆ ನಮ್ಮ ನಾಗಚಂದ್ರ ಕವಿ ತನ್ನ ರಾಮಾಯಣದಲ್ಲಿ ರಾವಣನನ್ನು ಓದುಗ ಮರುಗುವಂಥ ದೊಡ್ಡ ಮನುಷ್ಯನನ್ನಾಗಿಯೇ ಚಿತ್ರಿಸಿದ್ದಾನೆ. ಹಳ್ಳಿ ಶಾಲೆಯಲ್ಲಿ ಗೋವಿನ ಹಾಡು ಕಲಿತ ನಾವೆಲ್ಲ ಪುಣ್ಯಕೋಟಿಗೆ ಎಷ್ಟು ಅತ್ತೆವೋ, ಕೊನೆಯಲ್ಲಿ ಪ್ರಾಣ ಬಿಡುವ ಹುಲಿಗೂ ಅಷ್ಟೇ ಮರುಗಿದವರಲ್ಲವೇ?

ಒಂದು ಸಂಕಟದ ಸಂಗತಿ. ಕಿಂಗ್ ಕಾಂಗ್ ಚಿತ್ರವನ್ನು ಅವರು ಜೋಪಾನ ಮಾಡಿದರು. ಸೆನ್ಸಾರಿನವರು 1938ರಲ್ಲಿ ಕತ್ತರಿಸಿ ಎಸೆದ ತುಣುಕುಗಳನ್ನೂ ಹುಡುಕಿ ಮತ್ತೆ ಜೋಡಿಸಿದರು. ನಮ್ಮ 'ಸತಿ ಸುಲೋಚನಾ'ದ ಪ್ರತಿ ಉಳಿದಿಲ್ಲ. ಸುಬ್ಬಯ್ಯ ನಾಯ್ಡು ಅವರ ಇಂದ್ರಜಿತು ಹೇಗೆ ಗುಡುಗಿದ ಎಂದು ನಮ್ಮ ಮಕ್ಕಳಿಗೆ ತೋರಿಸಲು ಏನೂ ಇಲ್ಲ.

ಭೂಕೈಲಾಸದ ರಾವಣ

ಅದೃಷ್ಟಕ್ಕೆ ಮತ್ತೊಬ್ಬ ರಾಕ್ಷಸ ಉಳಿದಿದ್ದಾನೆ. ಮರುದಿನ ಅಮ್ಮನ ಸರದಿ. ಅವಳು ಕೇಳಿದ್ದು 'ಭೂಕೈಲಾಸ'.

ಈ ಕಥೆಯ ಪ್ರಯಾಣವೇ ಒಂದು ಕಥೆ. ಮೈಸೂರಿನ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ ಆಡುತ್ತಿದ್ದ ಕನ್ನಡ ನಾಟಕ ಇದು. ಎ.ವಿ. ಮೇಯಪ್ಪನ್ ಅದನ್ನು 1940ರಲ್ಲಿ ತೆಲುಗಿನಲ್ಲಿ ಚಿತ್ರ ಮಾಡಿದರು. ರಾವಣನಾಗಿ ನಮ್ಮ ಸುಬ್ಬಯ್ಯ ನಾಯ್ಡು, ನಾರದನಾಗಿ ನಮ್ಮ ನಾಗೇಂದ್ರರಾವ್. ಕನ್ನಡದ ನಟರು ತೆಲುಗು ಮಾತಾಡಿ ಗೆದ್ದರು! ಮತ್ತೆ 1958ರಲ್ಲಿ ಅದೇ ಎ.ವಿ.ಎಂ. ಸಂಸ್ಥೆ ಕೆ. ಶಂಕರ್ ನಿರ್ದೇಶನದಲ್ಲಿ ಕನ್ನಡ, ತೆಲುಗು ಎರಡರಲ್ಲೂ ತೆಗೆಯಿತು. ತೆಲುಗಿಗೆ ಎನ್.ಟಿ. ರಾಮರಾವ್ ರಾವಣ. ಕನ್ನಡಕ್ಕೆ ನಮ್ಮ ರಾಜಕುಮಾರ್, ಆಗಿನ್ನೂ ಮೂವತ್ತು ತುಂಬದ ಪ್ರಾಯ. ನಾರದನಾಗಿ ಕಲ್ಯಾಣಕುಮಾರ್, ಮಂಡೋದರಿಯಾಗಿ ಜಮುನಾ. ಹಾಡುಗಳು ಕು.ರ.ಸೀ. ಅವರವು. ಸೀರ್ಕಾಳಿ ಗೋವಿಂದರಾಜನ್ ಕಂಠದಲ್ಲಿ ಬಂದ, ರಾಮನ ಕಥೆ ಹೇಳುವ ಆ ಹಾಡು ಇವತ್ತಿಗೂ ಎಷ್ಟೋ ಮನೆಗಳಲ್ಲಿ ಬೆಳಗಿನ ಹಾಡು.

ಆಮೇಲೆ ಅಣ್ಣಾವ್ರು ಎಷ್ಟು ಅಸುರರಾದರು! 1959ರಲ್ಲಿ ಬಿ.ಎಸ್. ರಂಗಾ ಅವರ 'ಮಹಿಷಾಸುರ ಮರ್ದಿನಿ'ಯಲ್ಲಿ ಮಹಿಷಾಸುರ. 1983ರ 'ಭಕ್ತ ಪ್ರಹ್ಲಾದ'ದಲ್ಲಿ ಹಿರಣ್ಯಕಶಿಪು, ಎದುರಿಗೆ ಪ್ರಹ್ಲಾದನಾಗಿ ಸ್ವಂತ ಮಗ ಪುನೀತ್. ಕಂಪ್ಯೂಟರ್ ಇಲ್ಲ, ಗೊಂಬೆಯೂ ಇಲ್ಲ. ಒಂದು ಕಿರೀಟ, ಒಂದು ಮೀಸೆ, ಒಂದು ಗದೆ, ಉಳಿದದ್ದೆಲ್ಲ ಕಂಠ ಮತ್ತು ಕಣ್ಣು. ಕಾಂಗ್ ಬೆಳೆದದ್ದು ಓಬ್ರಿಯನ್ ಅವರ ಬೆರಳುಗಳಿಂದ, ನಮ್ಮ ರಾಕ್ಷಸ ಬೆಳೆದದ್ದು ನಾಟಕ ಕಂಪನಿಯ ಉಸಿರಿನಿಂದ. ಎರಡರಲ್ಲೂ ಮನುಷ್ಯ ಕಾಣುತ್ತಾನೆ.

ಭೂಕೈಲಾಸದ ಕಥೆ ನಮ್ಮ ಕರಾವಳಿಯ ಮಕ್ಕಳಿಗೆ ತೊಟ್ಟಿಲಲ್ಲೇ ಗೊತ್ತು. ಗಲ್ಫ್‌ನಲ್ಲಿ ಹುಟ್ಟಿದ ಮಕ್ಕಳಿಗಾಗಿ ಚುಟುಕಾಗಿ ಹೇಳುತ್ತೇನೆ. ರಾವಣನ ತಾಯಿ ಕೈಕಸೆ ಶಿವಭಕ್ತೆ. ಸಮುದ್ರ ತೀರದಲ್ಲಿ ಮರಳಿನ ಲಿಂಗ ಮಾಡಿ ಪೂಜಿಸುತ್ತಿದ್ದಳು, ಅಲೆ ಬಂದು ಅದನ್ನು ಕೊಚ್ಚಿಕೊಂಡು ಹೋಯಿತು. ಅಮ್ಮನ ದುಃಖ ನೋಡಲಾರದೆ ಮಗ ಹೊರಟ. "ಕೈಲಾಸದಿಂದ ಶಿವನ ಆತ್ಮಲಿಂಗವನ್ನೇ ತಂದು ನಿನ್ನ ಕೈಗೆ ಕೊಡುತ್ತೇನೆ" ಎಂದ. ಘೋರ ತಪಸ್ಸು ಮಾಡಿದ, ಮೋಸ ಹೋದ, ಮತ್ತೆ ತಪಸ್ಸು ಮಾಡಿದ, ಕೊನೆಗೂ ಪಡೆದ. ಶಿವನದು ಒಂದೇ ಷರತ್ತು: ಲಂಕೆ ಮುಟ್ಟುವ ತನಕ ನೆಲಕ್ಕೆ ಇಡಬಾರದು.

ದೇವತೆಗಳಿಗೆ ಗಾಬರಿ. ವಿಷ್ಣು ಚಕ್ರ ಅಡ್ಡ ಹಿಡಿದು ಸುಳ್ಳು ಸಂಜೆ ತಂದ. ಸಂಧ್ಯಾವಂದನೆಯ ಹೊತ್ತು ಮೀರಬಾರದಲ್ಲ? ಅಲ್ಲೇ ಇದ್ದ ಒಬ್ಬ ಹುಡುಗನ ಕೈಗೆ ರಾವಣ ಲಿಂಗ ಕೊಟ್ಟ. ಹುಡುಗ ಗಣಪತಿ. ಮೂರು ಸಲ ಕೂಗಿದ, ರಾವಣ ಬರುವಷ್ಟರಲ್ಲಿ ಕೆಳಗೆ ಇಟ್ಟುಬಿಟ್ಟ. ಹತ್ತು ತಲೆ, ಇಪ್ಪತ್ತು ತೋಳಿನ ದೈತ್ಯ ಎಷ್ಟು ಎಳೆದರೂ ಅದು ಅಲ್ಲಾಡಲಿಲ್ಲ. ಎಳೆದ ರಭಸಕ್ಕೆ ಹಸುವಿನ ಕಿವಿಯ ಹಾಗೆ ತಿರುಚಿತು, ಊರು ಗೋಕರ್ಣವಾಯಿತು. ರಾವಣನನ್ನೇ ಸೋಲಿಸಿದ ದೇವರು ಮಹಾಬಲೇಶ್ವರನಾದ. ಸಿಟ್ಟಿನಲ್ಲಿ ಅವನು ಎಸೆದ ಸಂಪುಟ, ಮುಚ್ಚಳ, ವಸ್ತ್ರ ಇವೆಲ್ಲ ಬಿದ್ದ ಜಾಗಗಳು ಸಜ್ಜೇಶ್ವರ, ಗುಣವಂತೆ, ಧಾರೇಶ್ವರ, ಮುರ್ಡೇಶ್ವರ. ಊರಿಗೆ ಹೋದಾಗ ಮುರ್ಡೇಶ್ವರದಲ್ಲಿ ಆ ದೊಡ್ಡ ಶಿವನ ಮೂರ್ತಿ ನೋಡುವವರು, ಅಲ್ಲೇ ಹುಡುಗನ ಕೈಗೆ ಲಿಂಗ ಕೊಡುತ್ತಿರುವ ರಾವಣನನ್ನೂ ಸ್ವಲ್ಪ ನಿಂತು ನೋಡಿ.

ಅಮ್ಮನ ಪ್ರಶ್ನೆ

ಮಗಳು ಅರ್ಧ ಕನ್ನಡ ಅರ್ಧ ಇಂಗ್ಲಿಷ್‌ನಲ್ಲಿ ಪ್ರಶ್ನೆ ಕೇಳುತ್ತ, ಅಜ್ಜಿ ಉತ್ತರ ಹೇಳುತ್ತ ಚಿತ್ರ ಮುಂದೆ ಹೋಯಿತು. ರಾಜಕುಮಾರ್ ಆ ಲಿಂಗವನ್ನು ಎತ್ತಲಾಗದೆ ಒದ್ದಾಡುವ ಹೊತ್ತಿಗೆ ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಅಜ್ಜಿ, ಯಾಕೆ ಅಳ್ತಿದ್ದೀರಾ? ಅವನು ಬ್ಯಾಡ್ ಅಲ್ವಾ?"

"ರಾಕ್ಷಸ ಹೌದು ಮಗಾ. ಆದ್ರೆ ಅಮ್ಮಂಗೋಸ್ಕರ ಹೋದವ."

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದಳು: "ಅವಂದು ಬಿಡು. ಆ ಕೈಕಸೆ ಅಲ್ಲಿ ಕಾಯ್ತಾ ಕೂತಿದ್ಲಲ್ಲ, ಅವಳಿಗೆ ಯಾರು ಹೋಗಿ ಹೇಳಿದ್ರು?"

ನಾನು ಈ ಕಥೆಯನ್ನು ಕನಿಷ್ಠ ನೂರು ಸಲ ಕೇಳಿದ್ದೇನೆ. ಗೋಕರ್ಣ ನಮ್ಮ ತಾಲೂಕಿನದೇ ಕ್ಷೇತ್ರ. ಗಣಪತಿಯ ಜಾಣತನಕ್ಕೆ ನಕ್ಕಿದ್ದೇನೆ, ರಾವಣನ ಪೇಚಾಟಕ್ಕೂ ನಕ್ಕಿದ್ದೇನೆ. ದಡದಲ್ಲಿ ಕಾದು ಕೂತ ಮುದುಕಿಯ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ.

ದುಬೈಗೆ ವಿಮಾನ ಹತ್ತುವಾಗ ನಾನೂ ಅಮ್ಮನಿಗೆ ಒಂದು ಮಾತು ಕೊಟ್ಟಿದ್ದೆ. "ಎರಡೇ ವರ್ಷ. ಮನೆಯ ಸಾಲ ತೀರಿದ ಕೂಡಲೇ ವಾಪಸು." ಸಾಲ ತೀರಿತು. ಆಮೇಲೆ ತಂಗಿಯ ಮದುವೆ, ಆಮೇಲೆ ಮಗಳ ಶಾಲೆ, ಆಮೇಲೆ ಇನ್ನೇನೋ. ಹದಿನೆಂಟು ವರ್ಷ ಆಯಿತು. ಒಂದು ಗಳಿಗೆ ಹಿಡಿದುಕೋ, ಈಗ ಬಂದೆ ಎಂದು ಯಾರ ಕೈಗೋ ಕೊಟ್ಟ ವಸ್ತುವನ್ನು ತಿರುಗಿ ಬಂದು ಎತ್ತಲು ಹೋದರೆ ಅದು ಅಲ್ಲೇ ಬೇರು ಬಿಟ್ಟಿರುತ್ತದೆ. ಇದು ನನಗೊಬ್ಬನಿಗೆ ಆದದ್ದಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನ ತಲೆ ಅಲ್ಲಾಡಿಸುತ್ತಿದ್ದೀರಿ ಎಂದು ನನಗೆ ಗೊತ್ತು.

ಹಳೆಯ ರಾಕ್ಷಸ ಚಿತ್ರಗಳು ಯಾಕೆ ಹಳತಾಗುವುದಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಹೆದರಿಸುವ ಚಿತ್ರ ಒಂದು ಸಲಕ್ಕೆ ಮುಗಿಯುತ್ತದೆ, ಎರಡನೇ ಸಲ ಹೆದರಿಕೆ ಅರ್ಧ, ಮೂರನೇ ಸಲ ನಗು. ಆದರೆ ರಾಕ್ಷಸನಿಗೆ ನಮಗೂ ಬೇಕಾದದ್ದೇ ಏನಾದರೂ ಬೇಕಾಗಿದ್ದರೆ, ಅದು ಅವನ ಕೈಗೆ ಬಂದೂ ಜಾರಿದರೆ, ಆಗ ಚಿತ್ರ ಉಳಿಯುತ್ತದೆ. ಕಾಂಗ್‌ಗೆ ಬೇಕಾಗಿದ್ದು ತನ್ನ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಜೀವದ ಜೊತೆ. ರಾವಣನಿಗೆ ಬೇಕಾಗಿದ್ದು ಅಮ್ಮನ ಮುಖದಲ್ಲಿ ನಗು. ಇಬ್ಬರಿಗೂ ಬಲಕ್ಕೆ ಕೊರತೆ ಇರಲಿಲ್ಲ. ಬಲದಿಂದ ಆಗುವ ಕೆಲಸ ಅದಾಗಿರಲಿಲ್ಲ, ಅಷ್ಟೇ. ಅದನ್ನು ನೋಡಿದ ಹುಡುಗ ಅದನ್ನು ಹತ್ತು ವರ್ಷಕ್ಕೊಂದು ಸಲ ಹೊಸದಾಗಿ ನೋಡುತ್ತಾನೆ, ಯಾಕೆಂದರೆ ಅಷ್ಟರಲ್ಲಿ ಅವನ ಕೈಯಿಂದಲೂ ಏನಾದರೂ ಜಾರಿರುತ್ತದೆ.

ಅಮ್ಮ ಊರಿಗೆ ಹೊರಟ ದಿನ ಮಗಳು ಅವಳಿಗೊಂದು ಚಿತ್ರ ಬರೆದು ಕೊಟ್ಟಳು. ಅಲ್ಮಾಸ್ ಟವರಿನ ತುದಿಯಲ್ಲಿ ಹತ್ತು ತಲೆಯ ರಾವಣ ಕೂತಿದ್ದಾನೆ, ಪಕ್ಕದಲ್ಲಿ ಕಾಂಗ್. ರಾವಣನ ಒಂದು ಕೈಯಲ್ಲಿ ಫೋನು. ಕೆಳಗೆ ಕನ್ನಡದಲ್ಲಿ, ಒತ್ತಕ್ಷರ ತಪ್ಪಾಗಿ, ಬರೆದಿದ್ದಳು: "ಅಮಾ, ನಾನು ಲೇಟ್." ಕೈಕಸೆಗೆ ಯಾರೂ ಹೇಳಲಿಲ್ಲ ಎಂದು ಅಜ್ಜಿ ಕೇಳಿದ್ದಕ್ಕೆ ಅವಳ ಉತ್ತರ ಅದು.

ಅಮ್ಮ ಅದನ್ನು ಮಡಿಸಿ ಪಾಸ್‌ಪೋರ್ಟಿನ ಒಳಗಿಟ್ಟುಕೊಂಡಳು. ಈಗ ಅದು ಕುಮಟಾದ ಮನೆಯ ದೇವರ ಕೋಣೆಯ ಗೋಡೆಯಲ್ಲಿದೆಯಂತೆ. ನಾನು ಈಗ ದಿನಾ ಸಂಜೆ ಏಳಕ್ಕೆ ತಪ್ಪದೆ ಫೋನ್ ಮಾಡುತ್ತೇನೆ. ಮೀಟಿಂಗ್ ಇದ್ದರೆ "ಅಮ್ಮಾ, ಲೇಟ್" ಎಂದಾದರೂ ಹೇಳುತ್ತೇನೆ.

ಬಂಧುಗಳೇ, ಒಂದು ವಾರಾಂತ್ಯ ಮಾಲ್‌ಗೆ ಹೋಗುವುದನ್ನು ಬಿಟ್ಟು ಮಕ್ಕಳನ್ನು ಕೂರಿಸಿಕೊಂಡು ಈ ಎರಡೂ ಚಿತ್ರ ನೋಡಿ. ಮೊದಲು ಕಾಂಗ್, ಆಮೇಲೆ ರಾವಣ. ಮಕ್ಕಳು ನಗುತ್ತಾರೆ, ನಗಲಿ ಬಿಡಿ. ಕೊನೆಯ ಹತ್ತು ನಿಮಿಷ ಮಾತ್ರ ಪರದೆ ನೋಡಬೇಡಿ, ಅವರ ಮುಖ ನೋಡಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರ ಮುಖವನ್ನೂ ನೋಡಿ.

ಮತ್ತೆ ಸಿಗೋಣ. ಸಿರಿಗನ್ನಡಂ ಗೆಲ್ಗೆ!